ಆನೆಸೀಲ್ ಅಳೆದ ಕಡಲು

ಅಂಟಾರ್ಕ್ಟಿಕಾ ಖಂಡದ ಸುತ್ತ ಫೆಬ್ರುವರಿ ತಿಂಗಳಲ್ಲಿ ಸುಮಾರು 30 ಲಕ್ಷ ಚದರ ಕಿ.ಮೀ.ನಷ್ಟು ಕಡಲು ಹೆಪ್ಪುಗಟ್ಟಿರುತ್ತದೆ. ಅಲ್ಲಿಂದ ಮುಂದೆ ಚಳಿ ಏರುತ್ತ ಹೋಗಿ, ಸೆಪ್ಟೆಂಬರ್ ಹೊತ್ತಿಗೆ ಮಂಜುಗಡ್ಡೆಯ ಹಾಸು 180 ಲಕ್ಷ ಚದರ ಕಿ.ಮೀ. ಆಸುಪಾಸಿಗೆ ಬಂದು ನಿಲ್ಲುತ್ತದೆ. ಭಾರತದಂಥ ಐದು ದೇಶಗಳನ್ನು ಅದರ ಮೇಲೆ ಹರಡಿದರೂ ಇನ್ನೂ ಜಾಗ ಉಳಿಯುತ್ತದೆ. ಭೂಮಿಯ ಮೇಲೆ ವರ್ಷವರ್ಷವೂ ನಡೆಯುವ ಅತಿ ದೊಡ್ಡ ಬದಲಾವಣೆಗಳಲ್ಲಿ ಇದೊಂದು. ಆದರೂ ಆ ಹಾಸಿನ ಕೆಳಗಿನ ನೀರಿನಲ್ಲಿ ಚಳಿಗಾಲವಿಡೀ ಏನು ನಡೆಯುತ್ತದೆ ಎಂದು ಅಳತೆ ಹಿಡಿದು ಹೇಳುವವರು ತೀರಾ ಇತ್ತೀಚಿನವರೆಗೂ ಇರಲಿಲ್ಲ. ಸಂಶೋಧನಾ ಹಡಗುಗಳು ಬೇಸಿಗೆಯಲ್ಲಿ ಹೋಗಿ, ಮಂಜು ಕಟ್ಟುವ ಮೊದಲು ವಾಪಸಾಗುತ್ತವೆ. ಉಪಗ್ರಹಕ್ಕೆ ಮಂಜುಗಡ್ಡೆಯ ಮೇಲ್ಮೈ ಕಾಣುತ್ತದೆ, ಅದರಡಿಯ ನೀರು ಕಾಣುವುದಿಲ್ಲ. ಜಗತ್ತಿನ ಕಡಲುಗಳಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳಿವೆ. ಅವು ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬಂದು ಲೆಕ್ಕ ಒಪ್ಪಿಸುತ್ತವೆ. ಆದರೆ ಮೇಲೆ ಬರಲು ನೀರು ತೆರೆದಿರಬೇಕಲ್ಲ. ಹೀಗಾಗಿ ಬಹುಕಾಲ ದಕ್ಷಿಣ ಮಹಾಸಾಗರದ ಬಗ್ಗೆ ನಮಗಿದ್ದ ತಿಳಿವಳಿಕೆ ಹೆಚ್ಚಾಗಿ ಬೇಸಿಗೆಯ ತಿಳಿವಳಿಕೆಯೇ ಆಗಿತ್ತು.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ದಕ್ಷಿಣದ ಆನೆಸೀಲ್ ಎಂಬ ಪ್ರಾಣಿ. 2004ರಿಂದೀಚೆಗೆ ಅದರ ತಲೆಗೆ ಪುಟ್ಟ ಉಪಕರಣ ಅಂಟಿಸಿ ಕಡಲಿಗೆ ಬಿಡುವ ಕ್ರಮ ಬೆಳೆದುಬಂದಿದೆ. ಸುದ್ದಿಮನೆಗಳಿಗೆ ಇದು ಒಳ್ಳೆಯ ಸರಕು. ಸಮುದ್ರವಿಜ್ಞಾನಿಯಾದ ಸೀಲ್ ಎಂದು ಒಂದು ಚಿತ್ರ, ನಾಲ್ಕು ಸಾಲು ಹಾಕಿದರೆ ಮುಗಿಯಿತು. ಆದರೆ ಸೀಲನ್ನು ಪುಕ್ಕಟೆ ಕೂಲಿಯಾಳಿನಂತೆ ತೋರಿಸುವ ಆ ಬಗೆಯ ಬರಹ ಮುಖ್ಯ ಸಂಗತಿಯನ್ನೇ ಬಿಟ್ಟುಬಿಡುತ್ತದೆ. ಸೀಲ್ ತರುವ ಮಾಹಿತಿಗೆ ಬೆಲೆ ಬಂದಿರುವುದು ಅದು ಅಲ್ಲಿಯ ನಿವಾಸಿ ಎಂಬ ಕಾರಣಕ್ಕೆ. ಧ್ರುವಪ್ರದೇಶದಲ್ಲಿ ನೀರು, ಮಂಜು, ಗಾಳಿ, ಪ್ರಾಣಿ ಇವು ನಾಲ್ಕು ಬೇರೆ ಬೇರೆ ವಿಷಯಗಳೆಂದು ವಿಶ್ವವಿದ್ಯಾಲಯಗಳು ವಿಭಾಗ ಮಾಡಿಕೊಂಡಿದ್ದು ಅನುಕೂಲಕ್ಕಾಗಿ. ಆ ಗೋಡೆಗಳನ್ನು ಇಟ್ಟುಕೊಂಡು ಅಲ್ಲಿಯ ಕಡಲನ್ನು ತಿಳಿಯಲಾಗದು ಎಂಬುದಕ್ಕೆ ಕಳೆದ ಇಪ್ಪತ್ತು ವರ್ಷಗಳ ಈ ಕೆಲಸವೇ ಸಾಕ್ಷಿ.

ಮೊದಲು ಪ್ರಾಣಿಯನ್ನೂ ಅದರ ತಲೆಯ ಮೇಲಿನ ಉಪಕರಣದ ಡಬ್ಬಿಯನ್ನೂ ಹತ್ತಿರದಿಂದ ನೋಡಬೇಕು. ಗಂಡು ಆನೆಸೀಲ್ ಮೂರು ಟನ್ ಮೀರಿ ಬೆಳೆಯುತ್ತದೆ, ಹೆಣ್ಣು ಅದರ ಕಾಲುಭಾಗವೂ ತೂಗುವುದು ಅಪರೂಪ. ವರ್ಷದಲ್ಲಿ ಎರಡೇ ಸಲ ಅವು ದಡ ಹತ್ತುವುದು, ಮರಿ ಹಾಕಲು ಒಮ್ಮೆ, ಹಳೆಯ ರೋಮ ಉದುರಿಸಲು ಇನ್ನೊಮ್ಮೆ. ಉಳಿದ ಕಾಲವೆಲ್ಲ ಕಡಲಲ್ಲೇ. ಇಪ್ಪತ್ತು ಮೂವತ್ತು ನಿಮಿಷ ಮುಳುಗುವುದು, ಎರಡು ಮೂರು ನಿಮಿಷ ಉಸಿರೆಳೆದು ಮತ್ತೆ ಮುಳುಗುವುದು, ಹಗಲಿರುಳೂ ಇದೇ ಕೆಲಸ. ಸಾಮಾನ್ಯವಾಗಿ 400ರಿಂದ 600 ಮೀಟರ್ ಆಳಕ್ಕೆ ಹೋಗುತ್ತವೆ, 2,000 ಮೀಟರ್ ದಾಟಿದ ದಾಖಲೆಗಳೂ ಇವೆ. ರೋಮ ಉದುರಿ ಹೊಸದು ಬಂದ ಕೂಡಲೇ, ಕೆರ್ಗೆಲೆನ್ ಅಥವಾ ಮಕ್ವಾರಿ ದ್ವೀಪದ ದಡದಲ್ಲಿ ಅದರ ತಲೆಗೆ ಕ್ಯಾನ್ವಾಸ್ ಚೀಲ ಹಾಕಿ, ಮಂಪರಿನ ಚುಚ್ಚುಮದ್ದು ಕೊಟ್ಟು, ನೆತ್ತಿಯ ರೋಮಕ್ಕೆ ಎಪಾಕ್ಸಿ ಅಂಟಿನಿಂದ ಉಪಕರಣ ಕೂರಿಸುತ್ತಾರೆ. ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾಲಯದ ಕಡಲ ಸಸ್ತನಿ ಸಂಶೋಧನಾ ಘಟಕ ರೂಪಿಸಿದ, ಸುಮಾರು ಅರ್ಧ ಕಿಲೋ ತೂಗುವ ಡಬ್ಬಿ ಅದು. ನೀರಿನ ಉಷ್ಣತೆ, ಒತ್ತಡ, ವಿದ್ಯುತ್ ಹರಿಯುವ ಗುಣ ಈ ಮೂರನ್ನು ಅಳೆಯುತ್ತದೆ. ಒತ್ತಡದಿಂದ ಆಳ ತಿಳಿಯುತ್ತದೆ, ವಿದ್ಯುತ್ ಎಷ್ಟು ಸರಾಗವಾಗಿ ಹರಿಯಿತು ಎಂಬುದರಿಂದ ಉಪ್ಪಿನ ಅಂಶ ತಿಳಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ರೋಮದ ಜೊತೆಗೆ ಡಬ್ಬಿಯೂ ಕಳಚಿ ಬೀಳುತ್ತದೆ.

ಅಳತೆ ಹಿಡಿಯುವುದಕ್ಕಿಂತ ಅದನ್ನು ಕಳಿಸುವುದೇ ಕಷ್ಟದ ಕೆಲಸ. ಸೀಲ್ ಮೇಲೆ ಬಂದ ಆ ಎರಡು ಮೂರು ನಿಮಿಷದಲ್ಲೇ ನೆತ್ತಿಯ ಮೇಲೆ ಉಪಗ್ರಹವೊಂದು ಹಾದುಹೋಗುತ್ತಿರಬೇಕು. ಆರ್ಗೋಸ್ ಎಂಬ ಉಪಗ್ರಹ ಸಂಪರ್ಕ ವ್ಯವಸ್ಥೆಯ ಮೂಲಕ ಒಂದು ಸಲಕ್ಕೆ ಕಳಿಸಬಹುದಾದದ್ದು ಹೆಚ್ಚೆಂದರೆ 256 ಬಿಟ್. ಕನ್ನಡದಲ್ಲಿ ಉದ್ದನೆಯದೊಂದು ಪದ ಟೈಪ್ ಮಾಡಿದರೆ ತುಂಬಿಹೋಗುವಷ್ಟು ಜಾಗ. ಆದ್ದರಿಂದ ಡಬ್ಬಿಯೊಳಗಿನ ಪುಟ್ಟ ಕಂಪ್ಯೂಟರ್ ಆರು ಗಂಟೆಗೊಮ್ಮೆ ಅತಿ ಆಳದ ಮುಳುಗನ್ನು ಆರಿಸಿಕೊಂಡು, ಮೇಲೇರುವಾಗ ಹಿಡಿದ ಅಳತೆಗಳಲ್ಲಿ ಎಲ್ಲಿ ತಿರುವು ಇದೆಯೋ ಅಂಥ ಹದಿನೇಳೋ ಇಪ್ಪತ್ತೋ ಬಿಂದುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಹಿಂದೆ ಟೆಲಿಗ್ರಾಂ ಕೊಡುವವರು ಕಾಸು ಉಳಿಸಲು ಪದ ಕಡಿಯುತ್ತಿದ್ದಂತೆ ಇದೂ ಬಿಟ್ ಕಡಿಯುತ್ತದೆ. ದಿನಕ್ಕೆ ಎರಡರಿಂದ ನಾಲ್ಕು ಇಂಥ ಆಳ-ಚಿತ್ರಗಳು ನೆಲ ಮುಟ್ಟುತ್ತವೆ. 2008ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಮಂಜು ಕವಿದ ವಲಯದಿಂದ ಸಿಗುವ ಮಾಹಿತಿ ಸೀಲ್‌ಗಳಿಂದಾಗಿ 30 ಪಟ್ಟು ಹೆಚ್ಚಿತೆಂದು ಲೆಕ್ಕ ಕೊಟ್ಟಿತು. ಇಂದು ಎರಡೂ ಧ್ರುವಗಳ ಕಡಲಪ್ರಾಣಿಗಳು ಕಳಿಸಿದ ಐದು ಲಕ್ಷಕ್ಕೂ ಹೆಚ್ಚು ಆಳ-ಚಿತ್ರಗಳು ಯಾರು ಬೇಕಾದರೂ ಬಳಸಬಹುದಾದ ಭಂಡಾರದಲ್ಲಿವೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಪೂರ್ವ ಅಂಟಾರ್ಕ್ಟಿಕಾದ ಕರಾವಳಿಯ ಕೇಪ್ ಡಾರ್ನ್ಲಿಯ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಕಡಲನೀರು ಮೈನಸ್ 1.9 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುವಾಗ ತನ್ನೊಳಗಿನ ಉಪ್ಪಿನ ಬಹುಪಾಲನ್ನು ಹೊರಕ್ಕೆ ತಳ್ಳುತ್ತದೆ. ಆ ಉಪ್ಪು ಕೆಳಗಿನ ನೀರಿಗೆ ಸೇರಿ, ಮೊದಲೇ ತಣ್ಣಗಿರುವ ಆ ನೀರು ಇನ್ನಷ್ಟು ಭಾರವಾಗಿ ಖಂಡದ ಅಂಚಿನಿಂದ ಇಳಿಜಾರು ಹಿಡಿದು ಸಾಗರತಳಕ್ಕೆ ಜಾರುತ್ತದೆ. ಕೆಲವು ಕರಾವಳಿಗಳಲ್ಲಿ ಖಂಡದೊಳಗಿಂದ ಇಳಿದುಬರುವ ಬಿರುಗಾಳಿ ಹೊಸದಾಗಿ ಕಟ್ಟಿದ ಮಂಜನ್ನು ಕೂಡಲೇ ದೂರ ನೂಕಿಬಿಡುತ್ತದೆ. ತೆರೆದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಗಾಳಿ ಮತ್ತೆ ನೂಕುತ್ತದೆ. ಪಾಲಿನ್ಯಾ ಎನ್ನುವ ಇಂಥ ತೆರೆದ ಜಾಗಗಳು ಮಂಜಿನ ಕಾರ್ಖಾನೆಗಳು, ಅದೇ ಕಾರಣಕ್ಕೆ ಉಪ್ಪುನೀರಿನ ಕಾರ್ಖಾನೆಗಳೂ ಹೌದು. ಹೀಗೆ ಹುಟ್ಟುವ ಅಂಟಾರ್ಕ್ಟಿಕಾದ ತಳನೀರು ಜಗತ್ತಿನ ಕಡಲುಗಳ ನೀರಿನಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟಿದೆ. ನಮ್ಮ ಅರಬ್ಬೀ ಸಮುದ್ರದ ತೀರಾ ಆಳದ ನೀರಿನ ಮೂಲವನ್ನು ಹುಡುಕಿಕೊಂಡು ಹೊರಟರೂ ಕೊನೆಗೆ ಅಂಟಾರ್ಕ್ಟಿಕಾದ ಅಂಚಿಗೇ ಹೋಗಿ ಮುಟ್ಟಬೇಕು. ವೆಡೆಲ್ ಕಡಲು, ರಾಸ್ ಕಡಲು, ಅಡೆಲಿ ಕರಾವಳಿ ಈ ಮೂರು ಅದರ ತವರೆಂದು ಗೊತ್ತಿತ್ತು. ನಾಲ್ಕನೆಯದೊಂದು ಇರಬೇಕೆಂಬ ಗುಮಾನಿ ಇತ್ತು. ಕೇಪ್ ಡಾರ್ನ್ಲಿಯಲ್ಲಿ ಮಂಜು ಅಪಾರವಾಗಿ ಕಟ್ಟುತ್ತದೆಂದು ಉಪಗ್ರಹಗಳು ಹೇಳಿದ್ದವು, ಜಪಾನಿನ ಸಂಶೋಧಕರು ಸಾಗರತಳದಲ್ಲಿ ಉಪಕರಣ ಊರಿ ಭಾರವಾದ ನೀರು ಹರಿದುಹೋಗುವುದನ್ನು ಹಿಡಿದಿದ್ದರು. ಆದರೆ ಆ ನೀರು ಹುಟ್ಟುವ ಜಾಗದಲ್ಲೇ, ಚಳಿಗಾಲದ ನಡುವೆ, ಅದರ ಉಪ್ಪು ಏರುತ್ತಿರುವುದನ್ನು ಅಳೆದವು ಸೀಲ್‌ಗಳು. 2013ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ಕೇ ಓಶಿಮಾ ಮತ್ತು ಸಂಗಡಿಗರು ಈ ಮೂರೂ ಸಾಕ್ಷ್ಯಗಳನ್ನು ಸೇರಿಸಿ, ಒಟ್ಟು ತಳನೀರಿನಲ್ಲಿ ಶೇ 6ರಿಂದ 13ರಷ್ಟು ಇಲ್ಲಿಂದಲೇ ಹೊರಡುತ್ತದೆಂದು ತೋರಿಸಿದರು. ಮೂರು ವರ್ಷಗಳ ನಂತರ ಪಕ್ಕದ ಪ್ರಿಡ್ಜ್ ಕೊಲ್ಲಿಯ ಸೀಲ್‌ಗಳು ಇನ್ನೊಂದು ಸುದ್ದಿ ತಂದವು. ಅಲ್ಲಿ ನೆಲದಿಂದ ಕಡಲಿಗೆ ಚಾಚಿ ತೇಲುವ ಹಿಮ, ಅಂದರೆ ಹಿಮಚಾಚುಗಳು ಕರಗಿ ಬೆರೆಯುತ್ತಿರುವ ಸಿಹಿನೀರು, ಭಾರದ ನೀರು ಹುಟ್ಟುವುದಕ್ಕೇ ಅಡ್ಡಿಯಾಗುತ್ತಿದೆ ಎಂಬುದು ಆ ಸುದ್ದಿ.

ಇಷ್ಟರಲ್ಲಿ ಸೀಲಿನ ಪಾತ್ರ ಉಪಕರಣ ಹೊರುವುದಷ್ಟೇ ಎಂದು ಯಾರಾದರೂ ಹೇಳಬಹುದು. ಆದರೆ ಅದೇ ಡಬ್ಬಿ ತನ್ನನ್ನು ಹೊತ್ತ ಪ್ರಾಣಿಯ ಬಗ್ಗೆಯೂ ವರದಿ ಕೊಡುತ್ತದೆ, ಈ ಸಂಶೋಧನೆಯ ಅತ್ಯಂತ ಚೆಲುವಾದ ಭಾಗ ಇದೇ ಎಂದು ನನ್ನ ಅನಿಸಿಕೆ. ಆನೆಸೀಲ್ ಕೆಲವು ಮುಳುಗುಗಳ ನಡುವೆ ಈಜುವುದನ್ನು ಪೂರ್ತಿ ನಿಲ್ಲಿಸಿ ಸುಮ್ಮನೆ ತೇಲಿಬಿಡುತ್ತದೆ. ಕೊಬ್ಬು ನೀರಿಗಿಂತ ಹಗುರ, ಮಾಂಸಖಂಡ ನೀರಿಗಿಂತ ಭಾರ. ದಡದಲ್ಲಿ ವಾರಗಟ್ಟಲೆ ಉಪವಾಸ ಕೂತು ಬಂದ ಬಡಕಲು ಸೀಲ್ ಆಗ ಬೇಗ ಕೆಳಗಿಳಿಯುತ್ತದೆ, ಚೆನ್ನಾಗಿ ತಿಂದು ಕೊಬ್ಬಿದ್ದು ನಿಧಾನವಾಗಿ ಇಳಿಯುತ್ತದೆ, ಇಲ್ಲವೇ ಮೇಲಕ್ಕೇ ತೇಲುತ್ತದೆ. ಹೀಗಾಗಿ ಇಳಿಯುವ ವೇಗವನ್ನು ನೋಡಿದರೆ ಸಾಕು, ಸಾವಿರಾರು ಕಿಲೋಮೀಟರ್ ಆಚೆ, ಕತ್ತಲಲ್ಲಿ, ಆ ಪ್ರಾಣಿಗೆ ಈ ವಾರ ಊಟ ಸಿಕ್ಕಿತೋ ಇಲ್ಲವೋ ಗೊತ್ತಾಗುತ್ತದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಲೆಕ್ಕವನ್ನು ನೀರಿನ ಗುಣದ ಜೊತೆಗಿಟ್ಟು ನೋಡಿತು. ಆಳದ ಬೆಚ್ಚನೆಯ ನೀರು ಮೇಲೇರುವ ಜಾಗಗಳಲ್ಲೂ ಖಂಡದಂಚಿನ ಚಳಿಗಾಲದ ನೀರಿನಲ್ಲೂ ಸೀಲ್‌ಗಳು ಮೈತುಂಬಿಕೊಳ್ಳುತ್ತಿದ್ದವು. ಹಿಮಚಾಚುಗಳನ್ನು ಅಡಿಯಿಂದ ಕರಗಿಸುವುದು ಇದೇ ಬೆಚ್ಚನೆಯ ನೀರು. ಹವಾಮಾನದವರ ಪ್ರಶ್ನೆಯೂ ಪ್ರಾಣಿಶಾಸ್ತ್ರದವರ ಪ್ರಶ್ನೆಯೂ ಒಂದೇ ನೀರಿನ ಪದರಕ್ಕೆ ಹೋಗಿ ಮುಟ್ಟುತ್ತವೆ. ಸೀಲಿನ ಊಟದ ಲೆಕ್ಕ ಒಂದು ಇಲಾಖೆಗೆ, ನೀರಿನ ಲೆಕ್ಕ ಇನ್ನೊಂದು ಇಲಾಖೆಗೆ ಎಂದು ಹಂಚಿದ್ದರೆ ಈ ಸಂಬಂಧ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಮೊದಲನೆಯದು, ಸೀಲ್ ತನಗೆ ಬೇಕಾದ ಕಡೆ ಹೋಗುತ್ತದೆ, ವಿಜ್ಞಾನಿಗೆ ಬೇಕಾದ ಕಡೆಗಲ್ಲ. ಮೀನು, ಸ್ಕ್ವಿಡ್ ಇರುವಲ್ಲಿ ನೂರು ಅಳತೆ, ಇಲ್ಲದಲ್ಲಿ ಒಂದೂ ಇಲ್ಲ. ಇಂಥ ಮಾಹಿತಿಯಿಂದ ಇಡೀ ಸಾಗರದ ಸರಾಸರಿ ತೆಗೆದರೆ ತಪ್ಪಾಗುವುದು ಖಂಡಿತ. ಅಳತೆಯ ನಿಖರತೆಯೂ ಹಡಗಿನಷ್ಟಿಲ್ಲ. ಹಡಗಿನ ಉಪಕರಣ ಡಿಗ್ರಿಯ ಸಾವಿರದ ಭಾಗದಲ್ಲಿ ಮಾತಾಡುತ್ತದೆ, ಸೀಲಿನ ಡಬ್ಬಿ ತಿದ್ದುಪಡಿಗಳೆಲ್ಲ ಆದ ಮೇಲೂ 0.03 ಡಿಗ್ರಿಯಷ್ಟು ಆಚೀಚೆ ಆಗುತ್ತದೆ. ಇದೆಲ್ಲ ನಿಜ. ಸಾಗರದ ಸಾವಿರಾರು ಮೀಟರ್ ಆಳದಲ್ಲಿ ದಶಕಗಳಲ್ಲಿ ಆಗುವ ಸೂಕ್ಷ್ಮ ಬದಲಾವಣೆ ಹಿಡಿಯಲು ಸೀಲನ್ನು ನಂಬುವಂತಿಲ್ಲ, ಅಲ್ಲಿಗೆ ಹಡಗೇ ಬೇಕು. ಆದರೆ ಖಂಡದಂಚಿನಲ್ಲಿ ಚಳಿಗಾಲದ ಉಪ್ಪು ಎಷ್ಟೇರಿತು ಎಂದು ಕೇಳುವಾಗ ಆಗುವ ಬದಲಾವಣೆ ದೊಡ್ಡದು, ಅಷ್ಟು ನಿಖರತೆ ಸಾಕು. ಅಲ್ಲದೆ ಏನೂ ಗೊತ್ತಿಲ್ಲದ ಜಾಗದಲ್ಲಿ ಒರಟು ಅಳತೆಯ ಬೆಲೆಯೇ ಬೇರೆ. ಪೂರ್ವ ಅಂಟಾರ್ಕ್ಟಿಕಾದ ವ್ಯಾಂಡರ್‌ಫೋರ್ಡ್ ಹಿಮನದಿಯ ಮುಂದೆ, ನಕ್ಷೆಯ ಪ್ರಕಾರ ನೆಲ ಇರಬೇಕಾದ ಆಳಕ್ಕಿಂತಲೂ ಕೆಳಗೆ ಸೀಲ್‌ಗಳು ಮುಳುಗಿದ್ದವು. ಸೀಲ್ ನೆಲ ಕೊರೆದು ಹೋಗುವುದಿಲ್ಲವಾದ್ದರಿಂದ ತಪ್ಪಿರುವುದು ನಕ್ಷೆಯಲ್ಲೇ. ಆಸ್ಟ್ರೇಲಿಯಾದ ನುಯಿನಾ ಹಡಗು ಹೋಗಿ ನೋಡಿದಾಗ ಅಲ್ಲಿ 2,000 ಮೀಟರಿಗೂ ಆಳದ ಕಂದಕವೇ ಇತ್ತು. ಇಂಥ ಕಂದಕಗಳ ದಾರಿಯಲ್ಲೇ ಬೆಚ್ಚನೆಯ ನೀರು ಹಿಮನದಿಯ ಬುಡಕ್ಕೆ ನುಗ್ಗುವುದು.

ಯಂತ್ರಗಳೇ ಸುಧಾರಿಸುತ್ತಿರುವಾಗ ಪ್ರಾಣಿಗಳನ್ನು ಯಾಕೆ ಕಾಡಬೇಕು ಎಂಬುದು ಇನ್ನೊಂದು ಮಾತು. ಮಂಜಿನ ಸುಳಿವು ಸಿಕ್ಕರೆ ಮೇಲೇರದೆ, ಮಾಹಿತಿ ಕೂಡಿಟ್ಟುಕೊಂಡು ಬೇಸಿಗೆಯಲ್ಲಿ ಕಳಿಸುವ ಆರ್ಗೋ ಯಂತ್ರಗಳು ಬಂದಿವೆ ನಿಜ. ಆದರೆ ಮಂಜಿನಡಿ ಕಳೆದ ತಿಂಗಳುಗಳಲ್ಲಿ ಅವು ಎಲ್ಲಿದ್ದವು ಎಂಬುದು ಅಂದಾಜಷ್ಟೇ. ಖಂಡದಂಚಿನ ಆಳವಿಲ್ಲದ ನೀರಿನಲ್ಲಿ ಅವು ನೆಲಕ್ಕೆ ತಗಲಿಕೊಳ್ಳುವುದೂ ಉಂಟು. ಸೀಲ್ ಉಸಿರಾಡಲೇಬೇಕು, ಹಾಗಾಗಿ ಮಂಜಿನ ಬಿರುಕನ್ನು ಹುಡುಕಿಯೇ ಹುಡುಕುತ್ತದೆ.

ಮೂರನೆಯ ಆಕ್ಷೇಪ ನೈತಿಕತೆಯದು, ಇದನ್ನು ಒಂದು ಸಾಲಿನಲ್ಲಿ ಮುಗಿಸುವಂತಿಲ್ಲ. ಧ್ರುವಪ್ರದೇಶದ ಪ್ರಾಣಿಗಳಿಗೆ ಮನುಷ್ಯ ತೀರಿಸಬೇಕಾದ ಸಾಲ ಹಳೆಯದು. ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಎಣ್ಣೆಗಾಗಿ ಆನೆಸೀಲ್ ಕೊಲ್ಲುವುದು 1964ರವರೆಗೂ ಲೈಸೆನ್ಸ್ ಪಡೆದ ಉದ್ಯಮವಾಗಿತ್ತು. ವಿಜ್ಞಾನದ ಕೈಯೂ ಪೂರ್ತಿ ಶುದ್ಧವಲ್ಲ. ಮಕ್ವಾರಿ ದ್ವೀಪದಲ್ಲಿ ಸೀಲ್ ಮರಿಗಳಿಗೆ ಕಾದ ಕಬ್ಬಿಣದ ಬರೆ ಹಾಕಿ ಗುರುತು ಮಾಡುತ್ತಿದ್ದರು, ಜನರ ವಿರೋಧ ಬಂದ ಮೇಲೆ 2000ರಲ್ಲಿ ಅದು ನಿಂತಿತು. ಇನ್ನೂ ಕಣ್ತೆರೆಸುವ ಪ್ರಕರಣ ಕ್ರೋಝೆ ದ್ವೀಪಗಳ ಕಿಂಗ್ ಪೆಂಗ್ವಿನ್‌ಗಳದು. ಪೆಂಗ್ವಿನ್ ರೆಕ್ಕೆಗೆ ಲೋಹದ ಪಟ್ಟಿ ಸುತ್ತಿ ನಂಬರ್ ಹಾಕುವುದು ದಶಕಗಳಿಂದ ನಡೆದುಬಂದ ಪದ್ಧತಿ. ಅದರಿಂದ ಏನೂ ತೊಂದರೆಯಿಲ್ಲ ಎಂಬುದು ಬಹುಪಾಲು ನಂಬಿಕೆಯ ಮಾತಾಗಿತ್ತು. ಫ್ರೆಂಚ್ ಸಂಶೋಧಕರು ಪಟ್ಟಿ ಹಾಕಿದ 50 ಹಕ್ಕಿಗಳನ್ನೂ ಪಟ್ಟಿಯಿಲ್ಲದೆ ಚರ್ಮದಡಿಯ ಚಿಪ್‌ನಿಂದ ಗುರುತಿಸಬಹುದಾದ 50 ಹಕ್ಕಿಗಳನ್ನೂ ಹತ್ತು ವರ್ಷ ಹಿಂಬಾಲಿಸಿದರು. 2011ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಪಟ್ಟಿ ಹಾಕಿದವುಗಳಲ್ಲಿ ಬದುಕುಳಿದವು ಶೇ 16ರಷ್ಟು ಕಡಿಮೆ, ಹುಟ್ಟಿದ ಮರಿಗಳು ಶೇ 39ರಷ್ಟು ಕಡಿಮೆ. ಈಜುವಾಗ ಆ ಪಟ್ಟಿ ನೀರಿಗೆ ಅಡ್ಡ ನಿಂತು ಶಕ್ತಿ ಹೀರುತ್ತಿತ್ತು. ಇಲ್ಲಿ ಕ್ರೌರ್ಯವೊಂದೇ ಸಮಸ್ಯೆಯಲ್ಲ. ಪೆಂಗ್ವಿನ್‌ಗಳು ಕಡಿಮೆಯಾಗುತ್ತಿರುವುದು ಕಡಲು ಬಿಸಿಯಾದದ್ದರಿಂದ ಎಂದು ಪಟ್ಟಿ ಹಾಕಿದ ಹಕ್ಕಿಗಳನ್ನು ನೋಡಿ ತೀರ್ಮಾನಿಸಿದ್ದರೆ, ಅದರಲ್ಲಿ ಕಡಲಿನ ಪಾಲೆಷ್ಟು, ಪಟ್ಟಿಯ ಪಾಲೆಷ್ಟು? ಪ್ರಾಣಿಗೆ ಹಿಂಸೆಯಾದರೆ ವಿಜ್ಞಾನವೂ ಕೆಡುತ್ತದೆ.

ಆನೆಸೀಲ್ ಡಬ್ಬಿಯ ವಿಷಯದಲ್ಲಿ ಈ ಪರೀಕ್ಷೆ ನಡೆದಿದೆ. ಮಕ್ವಾರಿಯಲ್ಲಿ ಡಬ್ಬಿ ಹೊತ್ತವುಗಳನ್ನೂ ಹೊರದವುಗಳನ್ನೂ ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೂಕ ಏರುವುದರಲ್ಲಾಗಲಿ ಬದುಕುಳಿಯುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕ್ವಿಂಟಲ್‌ಗಟ್ಟಲೆ ತೂಗುವ ಪ್ರಾಣಿಗೆ ಅರ್ಧ ಕಿಲೋ ಹೊರೆಯಲ್ಲವೆಂದು ಮೇಲ್ನೋಟಕ್ಕೇ ತೋರುತ್ತದೆ. ಆದರೆ ಪೆಂಗ್ವಿನ್ ಪಟ್ಟಿಯೂ ಮೇಲ್ನೋಟಕ್ಕೆ ಹಗುರವೇ ಇತ್ತು, ಆದ್ದರಿಂದ ಅಳೆದು ನೋಡಿದ್ದು ಸರಿಯಾಯಿತು. ಚಿಕ್ಕ ಪ್ರಾಣಿಗಳಿಗೆ, ಹೊಸ ಉಪಕರಣಗಳಿಗೆ ಪ್ರತಿ ಸಲವೂ ಇದನ್ನು ಹೊಸದಾಗಿ ಸಾಬೀತು ಮಾಡಬೇಕು. ಹಾಗೆ ಮಾಡಿದಲ್ಲಿ ಲಾಭ ಪ್ರಾಣಿಗೂ ಮರಳಬಹುದು. ಕ್ರೋಝೆ, ಕೆರ್ಗೆಲೆನ್ ದ್ವೀಪಗಳ ಆಲ್ಬಟ್ರಾಸ್ ಹಕ್ಕಿಗಳಿಗೆ ಹಡಗಿನ ರೇಡಾರ್ ಹಿಡಿಯುವ ಪುಟ್ಟ ಸಾಧನ ಕಟ್ಟಿದಾಗ, ಅವು ಅಂತರರಾಷ್ಟ್ರೀಯ ಕಡಲಲ್ಲಿ ಕಂಡ ಹಡಗುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವು ತಮ್ಮ ಗುರುತು ಪ್ರಸಾರ ಮಾಡುವ ಸಾಧನವನ್ನು ಬಳಸದೆಯೇ ಓಡಾಡುತ್ತಿದ್ದವೆಂದು 2020ರಲ್ಲಿ ಗೊತ್ತಾಯಿತು. ಆಲ್ಬಟ್ರಾಸ್‌ಗಳು ಸಾಯುತ್ತಿರುವುದೇ ಮೀನುಗಾರಿಕೆ ಹಡಗುಗಳು ಬಿಡುವ ಉದ್ದಗಾಳಗಳ ಕೊಕ್ಕೆಗೆ ಸಿಕ್ಕಿ.

ಕನ್ನಡದ ಓದುಗರಿಗೆ ಇದರಿಂದ ಏನು ಎಂಬ ಪ್ರಶ್ನೆಗೆ, ನಾಳೆಯ ಮುಂಗಾರಿನ ಭವಿಷ್ಯ ಸೀಲ್‌ಗಳ ತಲೆಯಲ್ಲಿದೆ ಎಂದೆಲ್ಲ ಉತ್ಪ್ರೇಕ್ಷೆ ಮಾಡಬೇಕಿಲ್ಲ. ಮನುಷ್ಯರಿಂದಾಗಿ ಹೆಚ್ಚಿದ ಶಾಖದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಕಡಲಿಗೆ ಹೋಗುತ್ತಿದೆ. ಕಡಲು ನುಂಗುವ ಆ ಶಾಖದಲ್ಲಿ ಮುಕ್ಕಾಲು ಭಾಗ, ನಮ್ಮಿಂದ ಹೊರಬಂದು ಅದು ಹೀರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 40, ದಕ್ಷಿಣ ಮಹಾಸಾಗರದ ಪಾಲು. ಆ ಕಡಲು ಹೀಗೇ ಎಷ್ಟು ಕಾಲ ನುಂಗೀತು ಎಂಬುದು ಕರಾವಳಿ ಇರುವ ಯಾವ ನಾಡಿಗೂ ದೂರದ ಪ್ರಶ್ನೆಯಲ್ಲ. ಭಾರತಕ್ಕೆ ಇಲ್ಲಿ ನೇರ ಪಾತ್ರವೂ ಇದೆ. 2012ರಿಂದ ನಡೆಯುತ್ತಿರುವ ನಮ್ಮ ಭಾರತಿ ಸಂಶೋಧನಾ ಕೇಂದ್ರ ಇರುವುದು ಪ್ರಿಡ್ಜ್ ಕೊಲ್ಲಿಯ ದಡದ ಲಾರ್ಸ್‌ಮನ್ ಬೆಟ್ಟಗಳಲ್ಲಿ, ಕೇಪ್ ಡಾರ್ನ್ಲಿಯಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ. ಸೀಲ್‌ಗಳ ಸಂದೇಶ ಹಿಡಿಯುವ ಆರ್ಗೋಸ್ ಉಪಕರಣವನ್ನು 2013ರ ಸರಳ್ ಮತ್ತು 2022ರ ಇಒಎಸ್-06 ಉಪಗ್ರಹಗಳಲ್ಲಿ ಹೊತ್ತೊಯ್ದದ್ದು ಇಸ್ರೊ. ಆ ಉಪಗ್ರಹಗಳ ಮೇಲೆ ಕಣ್ಣಿಟ್ಟು ಆದೇಶ ಕಳಿಸುವುದು ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಿಂದ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ದಕ್ಷಿಣ ಮಹಾಸಾಗರಕ್ಕೆ ಸಂಶೋಧನಾ ಯಾನಗಳನ್ನು 2004ರಿಂದ ನಡೆಸುತ್ತಿದೆ. ಕಾಲೇಜು ವಿದ್ಯಾರ್ಥಿಯೊಬ್ಬಳು ಧಾರವಾಡದಲ್ಲೇ ಕೂತು ಆ ಐದು ಲಕ್ಷ ಆಳ-ಚಿತ್ರಗಳನ್ನು ಇಳಿಸಿಕೊಂಡು ಕೆಲಸ ಮಾಡಲು ಅಡ್ಡಿಯೇನೂ ಇಲ್ಲ.

ಅಡ್ಡಿ ಬಂದಿರುವುದು ಇನ್ನೊಂದು ದಿಕ್ಕಿನಿಂದ. 2023ರಲ್ಲಿ ಎಚ್5ಎನ್1 ಹಕ್ಕಿಜ್ವರ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದ ಆನೆಸೀಲ್‌ಗಳಿಗೆ ತಗುಲಿ, ಆ ಋತುವಿನ ಸುಮಾರು 17,000 ಮರಿಗಳು ಸತ್ತವು, ಉಳಿದದ್ದು ತೀರಾ ಕಡಿಮೆ. ಅದೇ ವರ್ಷ ಸೋಂಕು ದಕ್ಷಿಣ ಜಾರ್ಜಿಯಾ ಮುಟ್ಟಿತು. ಜಗತ್ತಿನ ಆನೆಸೀಲ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಇರುವುದು ಅಲ್ಲೇ. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯವರು ಡ್ರೋನ್ ಹಾರಿಸಿ ಎಣಿಸಿದಾಗ, ಅಲ್ಲಿಯ ಮೂರು ದೊಡ್ಡ ದಡಗಳಲ್ಲಿ ಮರಿ ಹಾಕಲು ಬಂದ ಹೆಣ್ಣುಗಳು 2022ಕ್ಕೂ 2024ಕ್ಕೂ ನಡುವೆ ಶೇ 47ರಷ್ಟು ಕಡಿಮೆಯಾಗಿದ್ದವು. ಬಾರದವೆಲ್ಲ ಸತ್ತಿವೆಯೋ, ಅಥವಾ ರೋಗದ ವರ್ಷದಲ್ಲಿ ಬಸಿರಾಗದೆ ಕಡಲಲ್ಲೇ ಉಳಿದಿವೆಯೋ ಎಂಬುದು ದಡದ ಎಣಿಕೆಯಿಂದ ತಿಳಿಯದು. ಅದನ್ನು ತಿಳಿಯಬೇಕಾದರೆ ದಡ ಹತ್ತಿದವುಗಳ ಕೆಲವು ತಲೆಗಳಿಗೆ ಮತ್ತೆ ಡಬ್ಬಿ ಅಂಟಿಸಬೇಕು. ಸೋಂಕು ಹರಡಿರುವ ದಡದಲ್ಲಿ ಮನುಷ್ಯರು ಒಂದು ಸೀಲಿನಿಂದ ಇನ್ನೊಂದರ ಬಳಿಗೆ ಓಡಾಡುವುದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಅದಕ್ಕೂ ಮೊದಲು ತೀರ್ಮಾನಿಸಬೇಕು.